ಮೀನಿನ ಜೊತೆ ಅತ್ತೆಯ ಉಪವಾಸ

ನನ್ನ ಮದುವೆಯಾದ ವರ್ಷ ನಮ್ಮತ್ತೆ ಎರಡು ದಿನ ಊಟ ಬಿಟ್ಟರು. ಹಿರಿಯೂರಿನ ನಮ್ಮ ಬೀದಿಗೆಲ್ಲ ಕಾರಣ ಗೊತ್ತಿತ್ತು: ಹೊಸ ಸೊಸೆ. (ಇನ್ಯಾರು?) ನಿಜವಾದ ಕಾರಣ ಮಾತ್ರ ಮೀನು.

ಎಪ್ಪತ್ತರ ದಶಕದ ಮಾತು. ನಮ್ಮನೆಯವರು ಬಬ್ಬೂರು ಫಾರಂನಲ್ಲಿ ಗುಮಾಸ್ತರು. ಟ್ರಾನ್ಸ್‌ಫರ್ ಆದ ಆಫೀಸರೊಬ್ಬರು ತಮ್ಮ ಗಾಜಿನ ತೊಟ್ಟಿಯನ್ನು ಇವರಿಗೆ ಕೊಟ್ಟುಹೋದರು. ಕಬ್ಬಿಣದ ಚೌಕಟ್ಟು, ತಳದಲ್ಲಿ ಬಣ್ಣದ ಕಲ್ಲು. ಐದು ಕೆಂಪು ಮೀನು ಬೇರೆ ಬಕೆಟ್ಟಿನಲ್ಲಿ ಬಂದವು.

ಅತ್ತೆ ಜವನಗೊಂಡನಹಳ್ಳಿಯವರು. ಪೂಜೆಯಾಗದೆ ಕಾಫಿ ಮುಟ್ಟದವರು.

"ಲಿಂಗ ಕಟ್ಟಿದ ಮನೆಗೆ ಮೀನು ತಂದೀಯೇನಪ್ಪ?"

"ತಿನ್ನಾಕಲ್ಲ ಕಣವ್ವ, ನೋಡಾಕೆ" ಎಂದರು ಇವರು.

"ನಾನಂತೂ ಅವುಗಳ ಮುಖ ನೋಡಲ್ಲ."

ಕಾಳು ಹಾಕಿ ನೋಡಿಕೊಳ್ಳುವ ಕೆಲಸ ನನಗೇ ಬಿತ್ತು. ವಾರ ಕಳೆಯುವಷ್ಟರಲ್ಲಿ ನೀರು ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ಪೂರ್ತಿ ಚೆಲ್ಲಿದೆ. ಕಲ್ಲುಗಳನ್ನು ಬೂದಿ ಹಾಕಿ ಉಜ್ಜಿದೆ. ಬಾವಿಯಿಂದ ಸೇದಿ ತುಂಬಿದೆ. ಎರಡೇ ದಿನ, ಮತ್ತೆ ಅದೇ ಮಬ್ಬು. ಮತ್ತೆ ಚೆಲ್ಲಿದೆ. ಒಂದು ಬೆಳಗ್ಗೆ ಎರಡು ಮೀನು ಸತ್ತು ತೇಲುತ್ತಿದ್ದವು. ಗಂಡನ ಮನೆಯಲ್ಲಿ ನನ್ನನ್ನು ನಂಬಿ ಕೊಟ್ಟ ಮೊದಲ ಜೀವಗಳು! ಬಚ್ಚಲುಮನೆಯಲ್ಲಿ ಕೂತು ಅತ್ತುಬಿಟ್ಟೆ.

ಅಂದು ಮಧ್ಯಾಹ್ನ ನಿದ್ದೆ ಬರದೆ ನಡುಮನೆಗೆ ಬಂದರೆ, ತೊಟ್ಟಿಯ ಮುಂದೆ ಅತ್ತೆ! ಸೆರಗಿನಲ್ಲಿ ಅವಲಕ್ಕಿ. ಚಿಟಿಕೆ ಚಿಟಿಕೆಯಾಗಿ ಅಲ್ಲ, ಹಿಡಿ ಹಿಡಿಯಾಗಿ ಉದುರಿಸುತ್ತಿದ್ದರು.

"ತಿನ್ರವ್ವ, ತಿನ್ರಿ. ನಿಮ್ಮವ್ವ ಎಲ್ಲವ್ಳೋ ಏನೋ."

ನನ್ನನ್ನು ಕಂಡು ಸೆರಗು ಮುಚ್ಚಿಕೊಂಡರು. "ದಿನಾ ಹಾಕ್ತಿದ್ದೆ ಕಣಮ್ಮ. ಆದ್ರೂ ಎರಡು ಸತ್ತವಲ್ಲ, ಸಾಲ್ದೆ ಹಸಿದೇ ಸತ್ತವು ಅಂದ್ಕಂಡೆ..."

ಸಂಜೆ ಇವರೂ ಬಾಯಿಬಿಟ್ಟರು. ಆಫೀಸಿನಿಂದ ಬಂದ ಕೂಡಲೇ ದಿನಾ ಒಂದು ತುಂಡು ಬನ್ನು! ನನ್ನ ಪಾಲಿನ ಕಾಳು ಹೇಗೂ ಇತ್ತಲ್ಲ. ಮೂರು ಜನರ ಪ್ರೀತಿ ತಿಂದು ಯಾವ ಮೀನು ಬದುಕೀತು?

ಭಾನುವಾರ ಇವರು ತೊಟ್ಟಿಯ ನೀರು ಒಂದು ಬಾಟಲಿ ಹಿಡಿದು ಮಾರಿಕಣಿವೆ ಅಣೆಕಟ್ಟಿಗೆ ಹೋದರು. ಅಲ್ಲಿ ಮೀನುಮರಿ ಸಾಕುತ್ತಿದ್ದ ಮುದುಕರೊಬ್ಬರು ಮೂಸಿ ನೋಡಿ ನಕ್ಕರಂತೆ.

"ಇದು ನೀರಲ್ಲ ಸ್ವಾಮಿ, ಅಂಬಲಿ. ಎರಡು ದಿನ ಏನೂ ಹಾಕ್ಬೇಡ್ರಿ. ಪೂರ್ತಿ ಚೆಲ್ಲಾದೂ ಬ್ಯಾಡ, ಸ್ವಲ್ಪ ಸ್ವಲ್ಪ ಬದಲಾಯಿಸ್ರಿ. ಅದ್ರ ಪಾಡಿಗೆ ಬಿಟ್ರೆ ತಿಳಿ ಆಗ್ತೈತೆ."

ಮೀನಿಗೆ ಉಪವಾಸ ಶುರುವಾಯಿತು. ಅತ್ತೆಗೂ.

"ಅವು ಹಸ್ಕಂಡವೆ, ನನ್ನ ಗಂಟಲಲ್ಲಿ ಮುದ್ದೆ ಹೆಂಗಮ್ಮ ಇಳೀತೈತೆ?"

ನೀರು, ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. ಅತ್ತೆ ಉಣ್ಣದೆ ಸೊಸೆ ಉಣ್ಣುವುದುಂಟೆ? (ಹಿತ್ತಲಿನಲ್ಲಿ ಎರಡು ಬಾಳೆಹಣ್ಣು ತಿಂದೆ. ಈಗ ಹೇಳಬಹುದು.) ಅತ್ತೆ ಗಂಟೆಗೊಮ್ಮೆ ತೊಟ್ಟಿಯ ಮುಂದೆ ಬಂದು ಕೂರುತ್ತಿದ್ದರು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಮೀನು ನೋಡುತ್ತ ನೋಡುತ್ತ ಅವರು ತಮ್ಮ ತವರಿನ ಕಥೆ ಹೇಳಿದರು, ನಾನು ನನ್ನದು ಹೇಳಿದೆ. ಅಲ್ಲಿಯವರೆಗೆ ನಾವಿಬ್ಬರು ಉಪ್ಪು ಹುಣಸೆ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಮೂರನೆಯ ಬೆಳಗ್ಗೆ ನೀರು ತಿಳಿಯಾಗಿತ್ತು. ಮೂರೂ ಮೀನು ಬಾಲ ಬೀಸುತ್ತಿದ್ದವು. ಅತ್ತೆ ಒಂದೇ ಒಂದು ಚಿಟಿಕೆ ಕಾಳು ಹಾಕಿ, ಕೈ ತೊಳೆದು, ಮುದ್ದೆ ಮಾಡಲು ಹೇಳಿದರು.

ಕಳೆದ ವಾರ ಚಿತ್ರದುರ್ಗದ ಅಂಗಡಿಯೊಂದರಲ್ಲಿ ನೀರು ತಿಳಿ ಮಾಡುವ ಔಷಧಿಯ ಬಾಟಲಿ ನೋಡಿದೆ. ನಾಲ್ಕು ಹನಿ ಹಾಕಿದರೆ ಸಾಕಂತೆ. ಒಳ್ಳೆಯದೇ. ಆದರೆ ಆ ಎರಡು ದಿನ ತೊಟ್ಟಿಯ ಮುಂದೆ ಕೂತ ನಮ್ಮತ್ತೆ ನೆನಪಾಗಿ ಅಲ್ಲೇ ನಿಂತುಬಿಟ್ಟೆ.

ಉಪವಾಸ ಮುಗಿದ ಆ ದಿನದಿಂದ ಮೀನಿಗೆ ಕಡಿಮೆಯಾದ ತುತ್ತನ್ನೆಲ್ಲ ಅತ್ತೆ ನನ್ನ ತಟ್ಟೆಗೆ ಬಡಿಸತೊಡಗಿದ್ದರು. ಸಾಕು ಎನ್ನಲು ಮೀನಿಗಾದರೆ ಮಾತು ಬರುವುದಿಲ್ಲ; ನನಗೆ ಬರುತ್ತಿತ್ತು, ಮನಸ್ಸು ಯಾರಿಗಿತ್ತು?