ಬೇಡವೆಂದರೂ ಶಿವಸಂಗಪ್ಪ ಕೊಟ್ಟ ರಕ್ತ

ಇಳಕಲ್ಲಿನ ನೇಕಾರ ಶಿವಸಂಗಪ್ಪ ಅರವತ್ತೆಂಟು ವರ್ಷಗಳ ಬಾಳಿನಲ್ಲಿ ಸೋತದ್ದು ಒಂದೇ ಯುದ್ಧ. ಅದಕ್ಕೂ ತಾನಾಗಿಯೇ ತೋಳು ಚಾಚಿದ್ದ.

ಅವನ ಕೀರ್ತಿಯೆಲ್ಲ ಕಣ್ಣಿನದು. ಸೀರೆಯಲ್ಲಿ ಒಂದು ಎಳೆ ತಪ್ಪಿದರೆ ಮಾರು ದೂರದಿಂದಲೇ ಬೆರಳು ಮಾಡುವನು. ಮೊಮ್ಮಗಳು ಸುಶ್ಮಿತಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲವೆಂದು ತಿಳಿದ ದಿನವೂ ಆ ಕಣ್ಣು ತಡಮಾಡಲಿಲ್ಲ. ತಪ್ಪಿದ ಎಳೆ ಸೊಸೆ ಶಿವಗಂಗಾಳ ತವರು ಕಲಾದಗಿಯದೆಂದು ತೀರ್ಪು ಕೊಟ್ಟಿತು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮದುವೆಯ ಪಂಗತಿಗಳಲ್ಲಿ ಏಳು ವರ್ಷ ಅವನು ಈ ತೀರ್ಪು ಸಾರಿದ. ಶಿವಗಂಗಾ ತುಟಿ ಬಿಚ್ಚಲಿಲ್ಲ. ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸುವ ಕೆಲಸದಲ್ಲಿ ಮನೆಯಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಅದನ್ನು ಮಾಡುತ್ತಲೇ ಇದ್ದಳು.

ಹಿಂದೊಮ್ಮೆ ಡಾಕ್ಟರರು ಸುಶ್ಮಿತಾಳ ಎರಡು ಮೂರು ಜೀನುಗಳನ್ನಷ್ಟೇ ಪರೀಕ್ಷಿಸಿ, ಏನೂ ಸಿಗಲಿಲ್ಲ ಎಂದಿದ್ದರು. ಈ ವರ್ಷ ಮಗ ವೀರೇಶ ಎಲ್ಲರನ್ನೂ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದ.

“ಆಗ ಸೆರಗಿನ ತುದಿ ಅಷ್ಟ ನೋಡಿದ್ರು, ಅಜ್ಜಾರ,” ಎಂದಳು ಅಲ್ಲಿಯ ಸಲಹೆಗಾರ್ತಿ ತಬಸುಮ. “ಈಗ ಇಡೀ ಸೀರಿ ಬಿಚ್ಚಿ ಎಳಿ ಎಳಿ ಓದ್ತಾರ. ಸಾವಿರಾರು ಮಂದೀದು ಓದಿ ಇಟ್ಟಾರ, ಅದಕ್ಕ ಹೋಲಿಸಿ ಎಲ್ಲಿ ತಪ್ಪೇತಿ ಅಂತ ಹೇಳ್ತಾರ. ಕೂಸು, ತಾಯಿ, ತಂದಿ ರಕ್ತ ಸಾಕು.”

“ನಂದೂ ತಗೋರಿ,” ಎಂದ ಶಿವಸಂಗಪ್ಪ.

“ಬ್ಯಾಡ್ರಿ.”

“ಬ್ಯಾಡಂದ್ರ ಹ್ಯಾಂಗ? ನಮ್ಮ ಮನೆತನ ಚೊಕ್ಕ ಐತಂತ ಕಾಗದದಾಗ ಬರಬೇಕು.”

ರುಮಾಲು ಸರಿಮಾಡಿಕೊಂಡು, ಮೀಸೆ ತಿರುವಿ, ಅವನು ವೀರನಂತೆ ತೋಳು ಚಾಚಿದ. ಸೂಜಿ ಕಂಡಾಗ ಮಾತ್ರ ಕಣ್ಣು ಮುಚ್ಚಿದ. ತಬಸುಮ ಸಹಿ ಹಾಕಿಸಿಕೊಂಡು ರಕ್ತ ತೆಗೆದಳು.

ಮೂರು ತಿಂಗಳಿಗೆ ವರದಿ ಬಂತು. ತಬಸುಮ ಎಲ್ಲರನ್ನೂ ಮತ್ತೆ ಕರೆಸಿ ಹೇಳಿದಳು:

“ಒಂದು ಎಳಿ ತಾಯಿ ಕಡಿಂದ, ಒಂದು ತಂದಿ ಕಡಿಂದ ಬಂದೈತ್ರಿ. ಎರಡೂ ಕೂಡಿದ್ರ ಅಷ್ಟ ಹಿಂಗ ಆಗ್ತೈತಿ. ಯಾರ ತಪ್ಪೂ ಅಲ್ಲ.”

“ನನ್ನ ಮಗಗ ಎಲ್ಲಿಂದ ಬಂತ್ರಿ?”

“ಎಲ್ಲಾರ ಮುಂದ ಹೇಳ್ಲೇನ್ರಿ, ಅಜ್ಜಾರ?”

“ಹೇಳ್ರಿ. ಅಂಜಿಕಿ ಏನು?”

“ನಿಮ್ಮ ರಕ್ತದಾಗ ಐತ್ರಿ.”

ಊರಿಗೆ ಮರಳುವ ಬಸ್ಸು ಹುನಗುಂದ ದಾಟುವವರೆಗೂ ಅವನು ಹೊರಗೇ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತವಳು ಸೊಸೆ ಎಂಬುದು ಬೆನ್ನಿಗೆ ಸುಡುತ್ತಿತ್ತು. ಕೊನೆಗೆ ಗಾಜಿನ ಕಡೆ ಮುಖ ಮಾಡಿಯೇ ಗೊಣಗಿದ:

“ಗಂಗವ್ವಾ, ತಪ್ಪಾತು.”

“ಕಿಡಕಿಗೆ ಯಾಕ ಹೇಳ್ತೀರಿ, ಮಾವಾರ? ನನಗೂ ಬ್ಯಾಡ. ಎಲ್ಲೆಲ್ಲಿ ಹೇಳೀರಿ, ಅಲ್ಲೆಲ್ಲಾ ಹೋಗಿ ಹೇಳ್ರಿ.”

ಏಳು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಮರುದಿನ ಚಹಾದಂಗಡಿಯ ಮುಂದೆ ಶಿವಸಂಗಪ್ಪ ಮೂರು ಸಲ ಹಾದುಹೋದ. ನಾಲ್ಕನೆಯ ಸಲಕ್ಕೆ ಕಲ್ಲು ಪಾಲಿಶ್ ಮಾಡುವ ಗೆಳೆಯ ಫಕ್ರುಸಾಬ ಹಿಡಿದು ಕೂಡಿಸಿದ.

“ಏನಲೇ, ಕಲಾದಗಿ ಎಳಿ ಸಿಕ್ಕಿತೇನು?”

“ನಂದೂ ಐತಿ.”

ಅಷ್ಟರಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. “ಏನಂದಿ?”

ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು. “ಅರ್ಧ ಎಳಿ ನಂದಲೇ. ನನ್ನದ ನೋಡಿಕೊಳ್ಳದ ಏಳು ವರ್ಷ ಆ ಹುಡಿಗಿ ತವರಿಗೆ ಅಂದ್ನಿ.”

ಅಂಗಡಿಯವನೂ ಸೋಸುವುದು ಬಿಟ್ಟು ನೋಡಿದ. ಶಿವಸಂಗಪ್ಪನ ಕಿವಿಗಳು ಕೆಂಪಾದವು. ಚಹಾದ ಬಸಿ ಕೆಳಗಿಡಲು ಹೋಗಿ ಧೋತರದ ಮೇಲೆ ಚೆಲ್ಲಿಕೊಂಡ. ನಗಲು ಬಾಯಿ ತೆರೆದ ಫಕ್ರುಸಾಬ ನಗದೆ ಕೇಳಿದ:

“ಏಳು ವರ್ಷದ್ದು ಒಂದ ಚಾದಾಗ ತೀರ್ತೈತೇನು? ಗಿರಣಿ ಮಂದಿ ಇನ್ನಾ ಕೇಳಿಲ್ಲ.”

ಮನೆಗೆ ಬಂದಾಗ ಸುಶ್ಮಿತಾ ಎದುರಾದಳು. ಗಾಳಿಯಲ್ಲಿ ಮೀಸೆ ತಿರುವುವುದು ಅವಳು ಅಜ್ಜನನ್ನು ಕರೆಯುವ ಸನ್ನೆ. ಬೆರಳೆತ್ತಿದವಳು ಅವನ ಮುಖ ನೋಡಿ, ಮೀಸೆಯನ್ನು ಕೆಳಗಿಳಿಸಿ ತೋರಿಸಿದಳು. ಮಗ್ಗದ ಬಳಿ ಎಳೆ ಕೂಡಿಸುತ್ತಿದ್ದ ಶಿವಗಂಗಾ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಶಿವಸಂಗಪ್ಪ, ಬೀಸಲು ಒಂದು ಕಾಳು ಜೋಳವಿಲ್ಲದೆ, ಬರಿಗೈಯಲ್ಲಿ ಗಿರಣಿಗೆ ಹೊರಟ.