ಮೈಸೀನಿಯ ಹೊಸ್ತಿಲು, ಕಿತ್ತಳೆ ತೋಟದ ದೀಪ

ಮಾನ್ಯಾ, ಗ್ಲೆನ್ ವೇವರ್ಲಿಯ ಮನೆಯಿಂದ ನಾನು ಹೊರಡುವಾಗ ನೀನು ಬಾಗಿಲಿಗೆ ಅಡ್ಡ ನಿಂತು, "ಅಜ್ಜಿ, ನನ್ ರಂಗಪ್ರವೇಶಕ್ಕೆ ಲ್ಯಾಂಪ್ ನೀನೇ ಲೈಟ್ ಮಾಡ್ಬೇಕು, ಓಕೆ?" ಎಂದೆ. "ನಿಮ್ಮಮ್ಮ ಹಚ್ಲಿ ಕಣೇ, ನಾನು ಹಿಂದೆ ಕೂತ್ಕೊಂಡು ನೋಡ್ತೀನಿ," ಎಂದು ನಾನು ಪೆಟ್ಟಿಗೆ ಎಳೆದುಕೊಂಡು ಹೊರಟುಬಿಟ್ಟೆ. "ಬಟ್ ವೈ?" ಎಂದು ನೀನು ಕೇಳಿದ್ದು ಕಾರಿನವರೆಗೂ ಕೇಳಿಸಿತು.

ನಿನ್ನ ತಾತ ಹೋದ ಮೇಲೆ ಶುಭಕಾರ್ಯಗಳಲ್ಲಿ ನಾನು ಹಿಂದೆಯೇ ನಿಂತೆ. ಯಾರೂ ದೂಡಲಿಲ್ಲ, ನಾನಾಗಿಯೇ ಸರಿದೆ. ನಿನ್ನ ರಂಗಪ್ರವೇಶಕ್ಕೆ ಸಿಡ್ನಿಯಿಂದ ನಿನ್ನ ದೊಡ್ಡಮ್ಮನೂ ಬರುತ್ತಾಳೆ. ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ಅವಳಿಗೆ ಯಾವಾಗಲೂ. ಇದನ್ನೆಲ್ಲ ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ವಿಮಾನ ಹತ್ತಿದೆ.

ಪಕ್ಕದ ಮನೆಯ ಸೋಫಿಯಾ ತನ್ನ ತವರು ಗ್ರೀಸಿಗೆ ಹೊರಟಾಗ ನಿಮ್ಮಮ್ಮ ನನ್ನನ್ನೂ ಅವಳ ಜೊತೆ ಮಾಡಿದ್ದು ನಿನಗೆ ಗೊತ್ತು. ಅವಳದು ಅರ್ಧ ಇಂಗ್ಲಿಷು, ನನ್ನದು ಕಾಲು. ನಮ್ಮ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅಥೆನ್ಸಿನಿಂದ ಬೆಳಿಗ್ಗೆ ಏಳೂವರೆಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಚಾಲಕ ಯಾನಿಸ್, ದೊಡ್ಡ ಹೊಟ್ಟೆಯ ನಗುಮೊಗದವನು. ಸುಮಾರು ಎಂಬತ್ತು ಕಿಲೋಮೀಟರ್ ಹೋದ ಮೇಲೆ ಕೊರಿಂತ್ ಕಾಲುವೆ ಸಿಕ್ಕಿತು. ಬಂಡೆಯನ್ನು ನೆಟ್ಟಗೆ ಸೀಳಿ ಎರಡು ಸಮುದ್ರಗಳನ್ನು ಕೂಡಿಸಿದ್ದಾರೆ. ಸೇತುವೆಯ ಮೇಲಿಂದ ಬಗ್ಗಿ ನೋಡಲು ನನಗೆ ಭಯ. ಸೋಫಿಯಾ ನನ್ನ ಸೆರಗು ಹಿಡಿದುಕೊಂಡಳು, ಆಗ ನೋಡಿದೆ.

ಮೈಸೀನಿ ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಮೂರು ಸಾವಿರ ವರ್ಷಗಳಿಗೂ ಹಳೆಯ ಕೋಟೆ. ಹೆಬ್ಬಾಗಿಲ ಮೇಲೆ ತಲೆ ಕಳೆದುಕೊಂಡ ಎರಡು ಕಲ್ಲಿನ ಸಿಂಹಗಳು. ಕೆಳಗಿನ ಕಲ್ಲು ಹೊಸ್ತಿಲನ್ನು ನಾನು ಅಭ್ಯಾಸದಂತೆ ತುಳಿಯದೆ ದಾಟಿದೆ. ಸೀರೆ ತೊಡರಿ ಮುಗ್ಗರಿಸಿದೆ.

"ಅಮ್ಮಾ, ಇದನ್ನ ರಾಜರ ರಥಗಳೇ ತುಳಿದಿವೆ, ನಿಮ್ಮ ಚಪ್ಪಲಿಗೆ ಏನೂ ಆಗಲ್ಲ!" ಎಂದು ಯಾನಿಸ್ ನಕ್ಕ. ನನಗೆ ನಾಚಿಕೆಯಾಯಿತು. ಆದರೂ ಹಿಂದಿರುಗುವಾಗ ಮತ್ತೆ ದಾಟಿಕೊಂಡೇ ಬಂದೆ.

ಕೆಳಗಡೆ ಗುಡ್ಡದೊಳಗೆ ಕಟ್ಟಿದ ಗೋರಿಯೊಂದಿದೆ. ನಮ್ಮೂರಲ್ಲಿ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಹಗೇವಿನಂತೆಯೇ ಮೇಲೆ ಕಿರಿದು, ಕೆಳಗೆ ಅಗಲ. ಆದರೆ ಇದರೊಳಗೆ ನಾನು ಓದಿದ ಶಾಲೆ ಇಡಿಯಾಗಿ ಹಿಡಿಸುತ್ತಿತ್ತು. ಒಳಗೆ ತಣ್ಣಗಿತ್ತು.

ಊಟ ನಾಫ್ಲಿಯೋ ಎಂಬ ಕಡಲ ಪಟ್ಟಣದಲ್ಲಿ. ಇಕ್ಕಟ್ಟು ಬೀದಿಗಳು, ಕಾಗದದ ಹೂವಿನ ಬಳ್ಳಿಗಳು, ಮೇಜು ಮೇಜಿನ ಕೆಳಗೂ ಬೆಕ್ಕು. ಗುಡ್ಡದ ಕೋಟೆಗೆ ಸಾವಿರ ಮೆಟ್ಟಿಲು ಎಂದರು, ಕೆಳಗಿಂದಲೇ ಕೈ ಮುಗಿದೆ. ನನಗೆ ಟೊಮೆಟೊದಲ್ಲಿ ಬೇಯಿಸಿದ ದಪ್ಪ ಕಾಳು, ಬ್ರೆಡ್ಡು. ಅವರೆಕಾಳಿನ ಅಣ್ಣನಂತಿತ್ತು, ರುಚಿಯಾಗಿತ್ತು.

"ಕಡಲಿಗೆ ಬಂದು ಮೀನು ಬೇಡ ಅಂದವರನ್ನ ಇವತ್ತೇ ಕಂಡೆ," ಎಂದ ಯಾನಿಸ್.

"ಅವಳ ಪಾಲಿನದ್ದೂ ನೀನೇ ತಿಂದಿದ್ದೀಯ, ಹೊಟ್ಟೆ ನೋಡ್ಕೋ," ಎಂದು ಸೋಫಿಯಾ ಅವನ ಬಾಯಿ ಮುಚ್ಚಿಸಿದಳು.

ಮಧ್ಯಾಹ್ನ ಅವಳ ತವರೂರಿಗೆ ಹೋದೆವು. ಕಿತ್ತಳೆ ತೋಟದ ನಡುವೆ ಅವಳ ಅಜ್ಜ ಕಟ್ಟಿಸಿದ ಸಣ್ಣ ಬಿಳಿ ಚರ್ಚು. ಮಾರನೆಯ ದಿನ ಅಲ್ಲಿ ಮಗುವೊಂದರ ನಾಮಕರಣ. ಬಾಗಿಲಿಗೆ ಬಿಳಿ ರಿಬ್ಬನ್ ಕಟ್ಟಿದ್ದರು. ಕಪ್ಪು ಬಟ್ಟೆಯ ಇಬ್ಬರು ಮುದುಕಿಯರು ಕಸ ಗುಡಿಸುತ್ತಿದ್ದರು. ದೇವರ ಪಟದ ಮುಂದೆ ಎಣ್ಣೆಯ ದೀಪ, ಎಣ್ಣೆಯ ಮೇಲೆ ತೇಲುವ ಬೆಂಡು, ಅದರ ತೂತಿನಲ್ಲಿ ಬತ್ತಿ. ಬತ್ತಿ ಪೂರ್ತಿ ಸುಟ್ಟುಹೋಗಿತ್ತು, ಹೊಸ ಬತ್ತಿಗಳೂ ಮುಗಿದುಹೋಗಿದ್ದವು. ವಿಮಾನದಲ್ಲಿ ಕಿವಿಗಿಡಲೆಂದು ತಂದ ಹತ್ತಿ ನನ್ನ ಚೀಲದಲ್ಲಿ ಉಳಿದಿತ್ತು. ಅಂಗೈಯಲ್ಲಿ ಹೊಸೆದು ಬೆಂಡಿಗೆ ಪೋಣಿಸಿದೆ. ಮುದುಕಿಯರು ಪೊರಕೆ ಬಿಟ್ಟು ಬಂದು ನೋಡಿದರು.

ಸೋಫಿಯಾ ಬೆಂಕಿಪೊಟ್ಟಣ ತೆಗೆದಳು. ಅವಳ ಕೈ ನಡುಗುವುದನ್ನು ನೀನೂ ನೋಡಿದ್ದೀಯ. ಎರಡು ಕಡ್ಡಿ ಆರಿದವು. "ನೀನು ಹಚ್ಚು," ಎಂದು ನನ್ನತ್ತ ಚಾಚಿದಳು.

ನಾನು ಹಿಂದೆ ಸರಿದೆ. "ಬೇಡ. ನಾಳೆ ಶುಭಕಾರ್ಯ. ನಾನು ಗಂಡನನ್ನ ಕಳ್ಕೊಂಡವಳು."

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅವಳು ಮುದುಕಿಯರಿಗೆ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದಳು. ಗಿಡ್ಡ ಮುದುಕಿ ತನ್ನ ಕಪ್ಪು ಬಟ್ಟೆ ಜಗ್ಗಿ ತೋರಿಸುತ್ತಾ ಏನೋ ಅಂದಳು. ಮೂವರೂ ನಕ್ಕರು.

"ಏನಂತೆ?" ಎಂದೆ.

"ನಲವತ್ತು ವರ್ಷದಿಂದ ಇಲ್ಲಿ ದೀಪ ಹಚ್ಚೋರು ಇವರಿಬ್ರೇ. ಇಬ್ರಿಗೂ ಗಂಡ ಇಲ್ಲ. 'ನಾವೂ ಹಿಂದೆ ನಿಂತ್ರೆ ದೇವರು ಕತ್ತಲಲ್ಲಿ ಕೂರ್ಬೇಕಾ?' ಅಂತಾಳೆ."

ನಾನು ನಗಲಿಲ್ಲ. ಕಣ್ಣು ತುಂಬಿ ಬಂತು. ಗಿಡ್ಡ ಮುದುಕಿ ನನ್ನ ಮೊಣಕೈ ಹಿಡಿದು ಮುಂದಕ್ಕೆ ತಂದಳು. ಕಡ್ಡಿ ಗೀರಿದೆ. ನನ್ನ ಬತ್ತಿ ಒಂದೇ ಸಲಕ್ಕೆ ಹೊತ್ತಿತು.

ಉಳಿದ ಹತ್ತಿಯಲ್ಲಿ ಆರು ಬತ್ತಿ ಹೊಸೆದು ಅವರಿಗೆ ಕೊಟ್ಟೆ. ಅವರು ನನ್ನ ಸೆರಗಿನ ತುಂಬ ಕಿತ್ತಳೆ ಎಲೆ ಹಾಕಿದರು, ಕಾಯಿ ಇನ್ನೂ ಹಸಿರಾಗಿತ್ತು. ಕಾರು ತಿರುಗುವಾಗ ಹಿಂದೆ ನೋಡಿದೆ. ಬಿಸಿಲಿಗೆ ದೀಪ ಕಾಣಿಸಲಿಲ್ಲ. ಬಾಗಿಲಲ್ಲಿ ಇಬ್ಬರೂ ನಿಂತಿದ್ದು ಮಾತ್ರ ಕಂಡಿತು.

ಮಾನ್ಯಾ, ನಿಮ್ಮಮ್ಮನಿಗೆ ಹೇಳಿ ಹತ್ತಿ ತರಿಸಿಡು. ಅಂಗಡಿಯ ಬತ್ತಿ ಬೇಡ, ನಾನೇ ಹೊಸೆಯುತ್ತೇನೆ. ದೊಡ್ಡಮ್ಮ ಏನಾದರೂ ಅಂದರೆ ನನ್ನ ಹತ್ತಿರ ಕಳಿಸು. ಹಚ್ಚುವುದೂ ನಾನೇ.