ಜೋಡಿ ಜಿಂಕೆಯ ಚೀಟಿ ಮತ್ತು ಯೂಸುಫಸಾಬ ಮಾಸ್ತರರು

ಬೇಟೆ ಬಂದೂಕಿನ ತೋಟಾಗಳನ್ನು ತುಂಬಿ ಮಾರುತ್ತಿದ್ದ ಹಳೆಯ ರಟ್ಟಿನ ಪೆಟ್ಟಿಗೆಗಳ ವ್ಯಾಪಾರಮುದ್ರೆಯ ಚೀಟಿಗಳನ್ನು ಓದಬಲ್ಲವರು ಹಾವೇರಿ ಸೀಮೆಯಲ್ಲಿ ಯಾರೆಂದು ಕೇಳಿದರೆ, ಈ ತಿಂಗಳು ಸೇವಾನಿವೃತ್ತರಾಗುತ್ತಿರುವ ಚಿತ್ರಕಲಾ ಶಿಕ್ಷಕ ಯೂಸುಫಸಾಬರೊಬ್ಬರ ಹೆಸರೇ ಬರುತ್ತದೆ. ಹುಲಿ, ನವಿಲು, ಕಾಡುಕೋಳಿ, ಯಾವ ಗುರುತು ಯಾವ ಕಂಪನಿಯದು, ಯಾವ ಕಾಲದ್ದು ಎಂಬುದು ಅವರಿಗೆ ಬೀಗರ ಮನೆತನಗಳಷ್ಟು ಪರಿಚಿತ.

ರಾಣೆಬೆನ್ನೂರಿನಲ್ಲಿ ನೌಕರಿ ಹಿಡಿದ ಹೊಸದರಲ್ಲಿ, ಮುಚ್ಚುತ್ತಿದ್ದ ಬಂದೂಕಿನ ಅಂಗಡಿಯ ಖಾಲಿ ಪೆಟ್ಟಿಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದಲ್ಲಿಂದ ಈ ಹುಚ್ಚು ಶುರು. ಬ್ಯಾಡಗಿಗೆ ವರ್ಗವಾದ ಮೇಲೆ, ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ರಾತ್ರಿ ಶಾಲೆಗೆ ಬರುತ್ತಿದ್ದ ಹೆಂಗಸರಿಗೆ ಆ ಚೀಟಿಗಳಿಂದಲೇ ಅಂಕಿ ಕಲಿಸಿದರು. ಖಾರದ ಕೈ ಕಣ್ಣಿಗೆ ತಾಗಿದರೆ ತಾವೇ ತಂಬಿಗೆ ನೀರು ತಂದುಕೊಡುತ್ತಿದ್ದರು.

ಆ ಹೆಂಗಸರಲ್ಲೊಬ್ಬಳು ಗದಿಗೆವ್ವ. ಹೋದ ವರ್ಷ ಮನೆಯ ಹಳೆಯ ಗೋಡೆ ಕೆಡವಿಸುವಾಗ ಆಕೆಗೆ ಥಂಡಿ ಹಿಡಿದ ಪೆಟ್ಟಿಗೆಯೊಂದು ಸಿಕ್ಕಿತು. ಮೇಲೆ ಬಂಗಾರದ ಬಣ್ಣದ ಜೋಡಿ ಜಿಂಕೆ. ಹಳೆಯ ಪಟಾಕಿಯೆಂದು ತಿಳಿದು ಅಂಗಳದ ಮೆಣಸಿನಕಾಯಿಯ ಜೊತೆ ಒಣಹಾಕಿದಳು. ಮೋಡ ಕವಿದಾಗ ಎತ್ತಿಕೊಂಡು ಒಲೆಯ ಪಕ್ಕ ಇಡಲು ಹೊರಟಳು. ಚೀಟಿಯ ಸುದ್ದಿ ಕೇಳಿ ಬಂದ ಮಾಸ್ತರರು ಬಾಗಿಲಲ್ಲೇ ನಿಂತುಬಿಟ್ಟರು.

“ಗದಿಗೆವ್ವಾ, ಒಲಿ ಕಡೆ ಹೋಗಬ್ಯಾಡ. ಅಲ್ಲೇ ಮೆಲ್ಲಕ ಇಡು.”

“ಯಾಕ್ರಿ ಮಾಸ್ತರ, ಪಟಾಕಿಗೆ ಇಷ್ಟ ಅಂಜತೀರಿ? ಮ್ಯಾಲ ಹನ್ನೆರಡ ಅಂತ ಬರದೈತಿ, ಒಳಗ ಹನ್ನೆರಡ ಇರಬೇಕು. ನೀವ ಕಲಿಸಿದ್ದಲ್ಲೇನ್ರಿ!”

“ಅದು ಎಣಿಕಿ ಅಲ್ಲವ್ವಾ, ಬಂದೂಕಿನ ಅಳತಿ. ಒಳಗ ತೋಟಾ ಅದಾವ. ಇಡು ಮೊದಲ.”

ಗದಿಗೆವ್ವ ಮೆಲ್ಲಗೆ ನೆಲಕ್ಕಿಟ್ಟಳು. ಮಾಸ್ತರರು ಒಲೆ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಪೊಲೀಸರಿಗೆ ಫೋನು ಮಾಡಿದರು. ಇಪ್ಪತ್ತು ವರ್ಷಗಳಿಂದ ಅವರು ಹುಡುಕುತ್ತಿದ್ದ ಚೀಟಿ ಅದು. ಪೊಲೀಸರು ಒಯ್ದು ನಾಶಮಾಡುವ ಪೆಟ್ಟಿಗೆಯ ಜೊತೆ ಅದೂ ಹೋಗುತ್ತದೆಂದು ತಿಳಿದಾಗ ಗದಿಗೆವ್ವಳ ಜೀವ ತಡೆಯಲಿಲ್ಲ.

“ಚೀಟಿ ಮೂಲಿ ಎದ್ದೈತ್ರಿ. ಒಂದೀಟ ಎಳದ್ರ ಕೈಗೆ ಬರ್ತೈತಿ. ಯಾರ ನೋಡತಾರ?”

“ಚೀಟಿ ಕಿತ್ತರ, ಅದನ್ನ ಎತ್ತಾವ್ಗ ಒಳಗೇನೈತಿ ಅಂತ ಹೆಂಗ ಗೊತ್ತಾಗಬೇಕು?”

ಅಷ್ಟೇ ಮಾತು. ಬಾಗಿಲಾಚೆಯಿಂದ ತೆಗೆದ ಮಸುಕಾದ ಫೋಟೋ ಒಂದು ಮಾತ್ರ ಅವರಿಗೆ ಉಳಿಯಿತು; ಅದರಲ್ಲಿ ಕಾಣುವುದು ಕೊಂಬಷ್ಟೇ. ಚೀಟಿಯೆಂಬುದು ಅಂದಕ್ಕಲ್ಲ, ಮುಟ್ಟುವವರ ಜೀವಕ್ಕೆ ಅಂಟಿಸಿದ್ದು ಎಂದು ಬಲ್ಲ ಆ ದೊಡ್ಡ ಮನಸ್ಸನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ.

ಮಾಸ್ತರರ ಕಣ್ಣು, ಕಾಲು ಗಟ್ಟಿಯಾಗಿರಲಿ; ಆಯುಷ್ಯ ನೂರು ದಾಟಲಿ. ಇನ್ನೊಂದು ಜೋಡಿ ಜಿಂಕೆ, ಈ ಸಲ ಖಾಲಿ ಪೆಟ್ಟಿಗೆಯ ಮೇಲೆ ಕುಳಿತು, ಅವರ ಮನೆ ಹುಡುಕಿಕೊಂಡು ಬರಲಿ.